ಒಂದು ದಿನದ ಮರಿಗಳು

ಎಷ್ಟು ತಿಕ್ಕಿದರೂ ಅಮ್ಮನ ಉಗುರಿನಂಚಿನ ನೇರಳೆ ಬಣ್ಣ ಹೋಗಲಿಲ್ಲ. ರಾತ್ರಿ ತೀರಿಕೊಂಡ ಅಮ್ಮನ ಮೈ ತೊಳೆಯುತ್ತಿದ್ದ ಮಗಳು ಬಟ್ಟೆಯನ್ನು ಮತ್ತೆ ಬೆಚ್ಚಗಿನ ನೀರಿಗೆ ಅದ್ದಿದಳು. ಕಿಟಕಿಯ ಪರದೆ ಒಳಗೊಮ್ಮೆ ಹೊರಗೊಮ್ಮೆ ಉಸಿರಾಡುತ್ತಿತ್ತು. ಬೆಳಗಿನ ಬೆಳಕಿನಲ್ಲಿ ಇಡೀ ಕೋಣೆ ನೀರೊಳಗಿದ್ದಂತೆ ಕಾಣುತ್ತಿತ್ತು.

"ಬಿಡೇ, ಅದು ಹೋಗಲ್ಲ." ಬಾಗಿಲಲ್ಲಿ ನಿಂತಿದ್ದ ಅತ್ತೆ, ಅಪ್ಪನ ಅಕ್ಕ, ಅಂದಳು. "ನಿಮ್ಮಮ್ಮನ ಕೈ ಯಾವತ್ತು ಚೊಕ್ಕವಾಗಿತ್ತು?"

ಮಗಳು ಬಟ್ಟೆ ಹಿಂಡಿದಳು. ಆ ಮಾತಿನ ಬೇರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

*

ಅವಳು ಹುಟ್ಟುವ ಮೊದಲು ಒಬ್ಬ ಅಣ್ಣನಿದ್ದ. ಒಂಬತ್ತು ದಿನ ಬದುಕಿದ. ಒಂದು ಮಧ್ಯಾಹ್ನ ಹಾಲು ಕುಡಿಯುವುದನ್ನು ಬಿಟ್ಟ, ಸಂಜೆಗೆ ಮೈ ಕೆಂಡವಾಯಿತು. ರಕ್ತಕ್ಕೆ ನಂಜೇರಿದೆ ಎಂದರು ಆಸ್ಪತ್ರೆಯಲ್ಲಿ. ಬರಿಗೈಯಲ್ಲಿ ಮನೆಗೆ ಬಂದ ಅಮ್ಮನಿಗೆ ಅತ್ತೆ ಅಂದದ್ದು ಒಂದೇ ಮಾತು: "ಕೈ ತೊಳ್ಕೊಂಡು ಮಗೂನ ಮುಟ್ಟಿದ್ರೆ ಹೀಗಾಗ್ತಿತ್ತಾ?"

ಮೂರು ವರ್ಷದ ಮೇಲೆ ಅಮ್ಮ ಕೋಳಿರೋಗದ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದಳು. ಮರಿಗಳ ರಕ್ತದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ನೇರಳೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಎಣಿಸುವ ಕೆಲಸ. ಅಲ್ಲಿ ಎಲ್ಲರ ಬಾಯಲ್ಲೂ ಅವಳು 'ಸ್ಲೈಡಮ್ಮ'.

*

ಹತ್ತು ಗಂಟೆಗೆ ಪ್ರಯೋಗಾಲಯದವರು ಬಂದರು. ಮರಿಗಳ ಕೋಣೆ ನೋಡಿಕೊಳ್ಳುವ ಮುದುಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

"ಹೊಸಬರು ಬಂದಾಗೆಲ್ಲ ಸ್ಲೈಡಮ್ಮ ಹೇಳೋರು, 'ಲೋಕದಲ್ಲಿ ಯಾರೂ ಕೋಳಿ ಕೇಳಿ ಮಸಾಲೆ ಅರೆಯಲ್ಲ, ನಮ್ಮಲ್ಲಿ ಮಾತ್ರ ಕೋಳೀನ ಕೇಳ್ದೆ ಏನೂ ನಡೆಯಲ್ಲ' ಅಂತ."

ಅಲ್ಲಿನ ಮುಖ್ಯಸ್ಥೆ ಡಾಕ್ಟರಮ್ಮ ಮಗಳ ಪಕ್ಕ ಕುಳಿತರು. ಎದುರಿನ ಕುರ್ಚಿಯಲ್ಲಿ ಅತ್ತೆ.

"ನಿಮ್ಮಮ್ಮ ಒಂದ್ಸಲ ನನ್ನ ವರದೀನೇ ತಿದ್ದಿಸಿದ್ರು, ಗೊತ್ತಾ?" ಎಂದರು ಡಾಕ್ಟರಮ್ಮ.

*

ಅದು ಆರು ವರ್ಷದ ಹಿಂದಿನ ಮಾತು. ಮರಿಗಳ ರಕ್ತದ ಬಿಳಿ ಕಣಗಳ ನಡುವೆ ಬ್ಯಾಕ್ಟೀರಿಯಾ ಬಿಟ್ಟು ನೋಡುತ್ತಿದ್ದರು. ವಾರ ತುಂಬಿದ ಮರಿಯ ಕಣಗಳು ಅವನ್ನು ನುಂಗಿ ಕೊಲ್ಲುತ್ತಿದ್ದವು. ಒಂದು ದಿನದ ಮರಿಗಳ ಕಣಗಳ ನಡುವೆ ಬ್ಯಾಕ್ಟೀರಿಯಾ ಸಾಯುತ್ತಲೇ ಇರಲಿಲ್ಲ.

"ಇವು ಕೆಲಸ ಮಾಡಲ್ಲ ಅಂತ ಬರ್ಕೊಳ್ಳಿ," ಎಂದಿದ್ದರು ಡಾಕ್ಟರಮ್ಮ.

"ಇನ್ನೊಂದ್ಸಲ ನೋಡ್ತೀನಿ."

ಅಮ್ಮ ಕಣ್ಣಿಟ್ಟಳು. ಗಾಜಿನ ಕೆಳಗೆ ಮುಸ್ಸಂಜೆಯಂಥ ಬಯಲು. ಅದರಲ್ಲಿ ಅಲ್ಲಲ್ಲಿ, ಬಣ್ಣ ಕುಡಿದು ಕೆಂಪು ಕಾಳು ತುಂಬಿಕೊಂಡಂತೆ ಕಾಣುವ ದುಂಡು ಬಿಳಿ ಕಣಗಳು, ನಿದ್ದೆಯಲ್ಲಿ ನಡೆದು ಬಂದವರಂತೆ ನಿಂತಿದ್ದವು. ಅವಳು ನಾಲ್ಕು ದಿನ ಅಲ್ಲೇ ಅಲೆದಳು.

"ಇವು ಸುಮ್ನೆ ಕೂತಿಲ್ಲ ಡಾಕ್ಟರೇ," ಅಂದಳು ಕೊನೆಗೆ. "ಒಂದೊಂದೂ ಹೊಟ್ಟೆಯೊಳಗೆ ಎರಡು ಮೂರು ಬ್ಯಾಕ್ಟೀರಿಯಾ ಹಿಡ್ಕೊಂಡಿವೆ. ಕೊಲ್ಲೋದಕ್ಕೆ ಇನ್ನೂ ಬರ್ತಿಲ್ಲ, ಅಷ್ಟೇ. ವಾರ ಕಳೆದ್ರೆ ಕಲೀತಾವೆ."

ಡಾಕ್ಟರಮ್ಮ ತಾವೇ ನೋಡಿದರು. ನಿಜವಿತ್ತು.

ಅಮ್ಮ ಕೇಳಿದಳು, "ಮನುಷ್ಯರ ಕೂಸಿಗೂ ಹೀಗೇನಾ?"

"ಹೆಚ್ಚುಕಮ್ಮಿ ಹೀಗೇ. ಎಳೆ ಮೈ ಅಲ್ವಾ? ಎಷ್ಟೋ ಸಲ ಯಾರ ತಪ್ಪೂ ಇರಲ್ಲ."

ಅಮ್ಮ ಮತ್ತೆ ಸೂಕ್ಷ್ಮದರ್ಶಕಕ್ಕೆ ಬಾಗಿದಳು. ತುಂಬ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣಿಡುವ ಗಾಜು ಒದ್ದೆಯಾಗಿತ್ತು.

*

"ಮನೇಲಿ ಯಾಕೆ ಹೇಳ್ಲಿಲ್ಲ?" ಮಗಳು ಕೇಳಿದಳು.

"ನಾನೂ ಕೇಳ್ದೆ. 'ನನ್ನ ಎದೆ ಹಗುರಾಯ್ತಲ್ಲ, ಸಾಕು. ಅತ್ತಿಗೆಗೆ ವಯಸ್ಸಾಗಿದೆ. ಈಗ ಹೇಳಿದ್ರೆ ನಾನು ಇಳಿಸಿದ್ದನ್ನ ಅವರು ಹೊರಬೇಕಾಗುತ್ತೆ' ಅಂದ್ರು."

ಅಮ್ಮ ಅತ್ತಿಗೆ ಅಂದದ್ದು ಎದುರು ಕುಳಿತವಳನ್ನೇ ಎಂದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ಎದುರಿನ ಕುರ್ಚಿ ಕಿರ್ ಎಂದಿತು. ಅತ್ತೆ ಏಳಲು ಹೋಗಿ, ಆಗದೆ, ಮತ್ತೆ ಕುಳಿತಳು. ಯಾರೋ ನೀರು ತಂದುಕೊಟ್ಟರು. ಅವಳು ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ.

ಮಧ್ಯಾಹ್ನ ಮಣ್ಣು ಮಾಡುವಾಗ ಬಿಸಿಲಿಗೆ ಬಣ್ಣವೇ ಇರಲಿಲ್ಲ. ಅಮ್ಮ ಹೇಳಿಟ್ಟಿದ್ದ ಜಾಗವೇ ಅದು. ಪಕ್ಕದಲ್ಲಿ ಮೊಳದುದ್ದದ ಹಳೆಯ ದಿಬ್ಬವೊಂದು ಹುಲ್ಲಿನಡಿ ಮಲಗಿತ್ತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು.

"ಅತ್ತೆ, ಬನ್ನಿ," ಎಂದು ಮಗಳು ತಿರುಗಿದಳು.

ಅತ್ತೆ ಆ ಪುಟ್ಟ ದಿಬ್ಬದ ಪಕ್ಕ ನೆಲಕ್ಕೆ ಕುಳಿತುಬಿಟ್ಟಿದ್ದಳು. ಅಂಗೈಯನ್ನು ಹುಲ್ಲಿನ ಮೇಲಿಟ್ಟು, ಮಗುವನ್ನು ಮಲಗಿಸುವವಳಂತೆ, ಮೆಲ್ಲಗೆ ತಟ್ಟುತ್ತಿದ್ದಳು.