ಕಾಡಿನ ಕಡೆಯ ಕಿಟಕಿ

ಕಾಡಿಗೂ ಊರಿಗೂ ನಡುವೆ ಇನ್ನೂ ಬೇಲಿ ಹುಟ್ಟಿರದ ಕಾಲದಲ್ಲಿ ಗಾಳಿ ಮತ್ತು ಬೆಳಕು ಅಕ್ಕತಂಗಿಯರಾಗಿದ್ದರಂತೆ. ಒಂದು ದಿನ ಇಬ್ಬರೂ ಇರಲು ಮನೆ ಹುಡುಕಿಕೊಂಡು ಹೊರಟರು. ಮೊದಲ ಮನೆಯವರು "ಧೂಳು ಬತ್ತದೆ" ಎಂದು ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯವರು "ಕಳ್ಳ ಬತ್ತಾನೆ" ಎಂದರು. ಮೂರನೆಯ ಮನೆಗೆ ಕಿಟಕಿಯೇ ಇರಲಿಲ್ಲ, ತಟ್ಟುವುದೆಲ್ಲಿ? ನಮ್ಮಜ್ಜಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. "ಆಮೇಲೆ?" ಎಂದು ಕೇಳಿದರೆ, "ಇನ್ನೂ ಹುಡುಕ್ತಾನೇ ಅವ್ರೆ ಕಣಮ್ಮಿ" ಅನ್ನುತ್ತಿದ್ದಳು.

ಆ ಮೂರನೆಯ ಮನೆ ಕಾಡಂಚಿನ ಊರು ಸಾನಮಾವಿನಲ್ಲಿದೆ. ಅದು ರೈತ ತಿಮ್ಮರಾಯಪ್ಪನ ಮನೆ. ಅಲ್ಲಿ ಅಡುಗೆಮನೆಯಲ್ಲಿ ನಡು ಮಧ್ಯಾಹ್ನವೂ ಬಲ್ಬು ಉರಿಯಬೇಕು. ಕರೆಂಟು ಹೋದರೆ ಅವನ ಹೆಂಡತಿ ಮುನಿರತ್ನಮ್ಮ ಸೊಪ್ಪನ್ನು ಜಗಲಿಗೆ ತಂದು ಸೋಸುತ್ತಾಳೆ. ಒಗ್ಗರಣೆಯ ಘಾಟು ಹೊರಗೆ ಹೋಗಲು ದಾರಿಯಿಲ್ಲದೆ ಅವಳ ಗಂಟಲಲ್ಲೇ ಮನೆ ಮಾಡುತ್ತದೆ. ಕೆಮ್ಮು ಬಿಟ್ಟ ದಿನವಿಲ್ಲ. ಮದುವೆಯಾದ ಹೊಸದರಲ್ಲೇ ತಿಮ್ಮರಾಯಪ್ಪ ಮಾತು ಕೊಟ್ಟಿದ್ದ: "ಹೊಸ ಮನೆ ಕಟ್ತೀನಿ ಕಣೆ, ಹಗಲೊತ್ತು ಬಲ್ಬು ಹಾಕ್ದೆ ಅಡುಗೆ ಮಾಡೋವಂಗೆ."

ಈಗ ಆ ಹೊಸ ಮನೆ ಏಳುತ್ತಿತ್ತು. ಹಸಿರು ಮನೆ ಪ್ರಮಾಣಪತ್ರಕ್ಕೆಂದು ನಕ್ಷೆ ಬರೆದುಕೊಟ್ಟವಳು ಆಲಸನತ್ತಂನ ಎಂಜಿನಿಯರ್ ಪದ್ಮಶ್ರೀ. ಅವಳು ಕೆಲಸ ನೋಡಲು ಬಂದಾಗ, ಮೇಸ್ತ್ರಿ ಅಡುಗೆಮನೆಯ ಕಿಟಕಿಗೆ ಬಿಟ್ಟಿದ್ದ ಜಾಗಕ್ಕೆ ಇಟ್ಟಿಗೆ ತುಂಬುತ್ತಿದ್ದ.

"ಅಣ್ಣ, ಇದನ್ಯಾಕೆ ಮುಚ್ಚಿಸ್ತಿದ್ದೀರಾ?"

"ಆನೆ ಬತ್ತದೆ ಕಣಮ್ಮ," ಎಂದ ತಿಮ್ಮರಾಯಪ್ಪ. "ಅಡುಗೆಮನೇಲಿ ರಾಗಿ ಮೂಟೆ ಇರ್ತವೆ. ಕಿಟಕಿ ಇಕ್ಕಿದ್ರೆ ವಾಸ್ನೆ ಸೀದಾ ಕಾಡಿಗೋಯ್ತದೆ. ನಮ್ಮೂರಲ್ಲಿ ಕಾಡಿನ ಕಡೆಗೆ ಯಾರೂ ಕಿಟಕಿ ಇಕ್ಕಲ್ಲ."

ಮರಳಿನ ಗುಡ್ಡೆಯ ಮೇಲೆ ಕೂತಿದ್ದ ಪಕ್ಕದ ಮನೆಯ ಲಕ್ಷ್ಮಣಪ್ಪ ನಕ್ಕ. "ಆ ಸರ್ಟಿಫಿಕೇಟ್ನ ಗೋಡೆಗೆ ನೇತಾಕ್ಲಾ ತಿಮ್ರಾಯ. ಆನೆ ಓದ್ಕೊಂಡು ವಾಪಸ್ ಹೋಯ್ತದೆ!"

ಪದ್ಮಶ್ರೀಗೂ ನಗು ಬಂತು. "ಅದು ಆನೆಗಲ್ಲಣ್ಣ, ನಮಗೆ. ಹಗಲಲ್ಲಿ ಮನೆಗೆ ಬೆಳಕು ಬರುತ್ತಾ, ಗಾಳಿ ಈ ಕಡೆ ಬಂದು ಆ ಕಡೆ ಹೋಗುತ್ತಾ, ಮಳೆನೀರು ಹಿಡಿದಿಡ್ತೀರಾ, ಕರೆಂಟು ನೀರು ಉಳಿಸ್ತೀರಾ, ಇದ್ದ ಮರ ಉಳಿಸಿದೀರಾ, ಇದನ್ನೆಲ್ಲ ಪರೀಕ್ಷೆ ಮಾಡಿ ಅಂಕ ಹಾಕ್ತಾರೆ. ನಮ್ಮನೆ ಚೆನ್ನಾಗಿದೆ ಅಂತ ನಾವೇ ಹೇಳ್ಕೊಳ್ಳೋದಲ್ಲ, ಹೊರಗಿನವರು ನೋಡಿ ಹೇಳ್ಬೇಕು."

"ಇದೊಂದು ಕಿಟಕಿ ಮುಚ್ಚಿದ್ರೆ ಒಂದಿಷ್ಟು ಅಂಕ ಹೋಯ್ತದೆ. ಹೋಗ್ಲಿ ಬಿಡು," ಎಂದ ತಿಮ್ಮರಾಯಪ್ಪ.

"ಅಂಕಾನ ಬೇರೆ ಕಡೆ ತುಂಬಿಸ್ಬಹುದು ಅಣ್ಣ. ಅಕ್ಕನ ಕೆಮ್ಮಿಗೆ ಏನ್ ಮಾಡ್ತೀರಾ?"

ಗೋಡೆಗೆ ನೀರು ಹಾಕುತ್ತಿದ್ದ ಮುನಿರತ್ನಮ್ಮ ಬಿಂದಿಗೆ ಕೆಳಗಿಟ್ಟಳು.

"ಲಕ್ಷ್ಮಣಪ್ಪಣ್ಣ, ಹೋದ್ವರ್ಸ ಆನೆ ನಿಮ್ಮನೆ ಗೋಡೆ ಒಡೀತಲ್ಲ, ಆ ಗೋಡೇಲಿ ಕಿಟಕಿ ಇತ್ತಾ?"

ಲಕ್ಷ್ಮಣಪ್ಪ ತಲೆ ಕೆರೆದುಕೊಂಡ. "ಎಲ್ಲಿತ್ತಮ್ಮ? ಇರ್ಲಿಲ್ಲ."

"ಕಿಟಕಿ ಇಲ್ದಿದ್ರೂ ಬಂತು ಅಂದ್ಮೇಲೆ ಅದು ಬಂದಿದ್ದು ರಾಗಿಗೆ. ಕಿಟಕಿ ಏನ್ ಮಾಡ್ತು ಪಾಪ? ಕಾಡಿನ ಕಡೆ ಗೋಡೆಗೆ ರಾಗಿ ಒಟ್ಕೊಂಡು ಇಷ್ಟು ವರ್ಸ ನನ್ನ ಕತ್ಲಲ್ಲಿ ಕೂರ್ಸವ್ರೆ!"

ಮೇಸ್ತ್ರಿಯ ಕರಣೆ ಗಾಳಿಯಲ್ಲೇ ನಿಂತಿತು.

"ಮತ್ತೆ ಮೂಟೆ ಎಲ್ಲಿಕ್ಕಾನ? ನನ್ನ ತಲೆ ಮೇಲಾ?" ಎಂದು ತಿಮ್ಮರಾಯಪ್ಪ ರೇಗಿದ.

"ಊರ ನಡುವೆ ನಮ್ಮ ಮಹಿಳಾ ಸಂಘದ ಗೋದಾಮು ಖಾಲಿ ಬಿದ್ದದೆ. ಅಲ್ಲಿಕ್ಕಿ ಬೀಗ ಹಾಕಾನ. ಬೇಕಾದಾಗ ಒಂದಿಷ್ಟು ಹಿಟ್ಟು ಮಾಡಿಸ್ಕೊಂಡ್ರಾಯ್ತು."

"ಕಿಟಕೀನ ಸ್ವಲ್ಪ ಮೇಲಕ್ಕೆ ಏರಿಸಿ, ದಪ್ಪ ಸರಳು ಹಾಕ್ಸೋಣ," ಎಂದಳು ಪದ್ಮಶ್ರೀ. "ಆನೆ ಈ ದಾರೀಲಿ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಅದು ನಿಲ್ಲೋಕೆ ಇಲ್ಲಿ ಊಟ ಇರಲ್ಲ."

ಲಕ್ಷ್ಮಣಪ್ಪ ಗುಡ್ಡೆಯಿಂದ ಎದ್ದ. "ಹಂಗಾದ್ರೆ ನನ್ನ ಮೂಟೆಗೂ ಅಲ್ಲೇ ಜಾಗ ಕೊಡಮ್ಮ. ಇಲ್ದಿದ್ರೆ ನಿಮ್ಮನೆ ಬುಟ್ಟು ನಮ್ಮನೆಗೇ ನುಗ್ತದೆ!"

ಎಲ್ಲರೂ ನಕ್ಕರು. ತಿಮ್ಮರಾಯಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಮೇಸ್ತ್ರಿ, ಇಟ್ಟಿಗೆ ತೆಗೀರಿ."

ಮನೆ ಮುಗಿಯಿತು, ರಾಗಿ ಮೂಟೆಗಳು ಸಂಘದ ಗೋದಾಮು ಸೇರಿದವು. ಪರೀಕ್ಷಿಸುವವರು ಬಂದು ಮಳೆನೀರಿನ ತೊಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ಮನೆ ಮುಂದಿನ ಹೊಂಗೆ ಮರದ ನೆರಳಲ್ಲಿ ಮಜ್ಜಿಗೆ ಕುಡಿದು ಹೋದರು. ಪ್ರಮಾಣಪತ್ರವೂ ಬಂತು.

ಮನೆ ಕಟ್ಟಲು ಹೊರಟಿರುವ ಅಕ್ಕಂದಿರೇ, ಅಣ್ಣಂದಿರೇ, ಕಥೆ ಮುಗಿಸುವ ಮುಂಚೆ ನಿಮಗೊಂದು ಮಾತು. ಹಸಿರು ಮನೆ ಪ್ರಮಾಣಪತ್ರವನ್ನು ಗೃಹಪ್ರವೇಶವಾದ ಮೇಲೆ ನೆನಪಿಸಿಕೊಳ್ಳಬೇಡಿ. ನಕ್ಷೆ ಬರೆಸುವಾಗಲೇ ವಿಚಾರಿಸಿ. ಏನೇನು ಬೇಕು, ಶುಲ್ಕವೆಷ್ಟು ಎಂದು ನಾಚಿಕೆಯಿಲ್ಲದೆ ಕೇಳಿ. ಅದು ಈಗ ಆಗದಿದ್ದರೂ ಮಳೆನೀರಿಗೊಂದು ತೊಟ್ಟಿ ಕಟ್ಟಿ, ಅಂಗಳದ ಮರ ಉಳಿಸಿ, ಗಾಳಿಗೆ ಬರಲೊಂದು ಹೋಗಲೊಂದು ದಾರಿ ಬಿಡಿ. ನಿಮ್ಮ ಗೋಡೆಯಾಚೆಗೂ ಇಬ್ಬರು ಅಕ್ಕತಂಗಿಯರು ಕಾಯುತ್ತಿದ್ದಾರೆ.

ಹೊಸ ಮನೆಯ ಮೊದಲ ಮಧ್ಯಾಹ್ನ ಮುನಿರತ್ನಮ್ಮ ಒಲೆ ಹಚ್ಚಿದಳು. ಅಭ್ಯಾಸಬಲದಿಂದ ಕೈ ಸ್ವಿಚ್ಚಿನ ಕಡೆಗೆ ಹೋಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ತಿಮ್ಮರಾಯಪ್ಪ ಬೇಕೆಂದೇ ಕೆಮ್ಮಿ ಕಿಟಕಿ ತೋರಿಸಿದ. ಒಗ್ಗರಣೆಯ ಘಾಟು ಸರಳುಗಳ ನಡುವೆ ನುಸುಳಿ ಹೊರಟುಹೋಗುತ್ತಿತ್ತು. ಮೊರದಲ್ಲಿದ್ದ ಸೊಪ್ಪಿನ ಒಂದೊಂದು ಎಲೆಯೂ ಕಾಣುತ್ತಿತ್ತು. ಅವಳು ಸ್ವಿಚ್ಚಿನಿಂದ ಕೈ ತೆಗೆದು ಸೊಪ್ಪು ಸೋಸಲು ಕೂತಳು.