ದಪ್ಪ ಗೋಡೆ

“ಬಿಗಿ ಹಿಡಿಲೇ ಈರೇಶ, ಮಾವನ ತಲಿ ಒಂದ್ ಬಾಜು ವಾಲಾಕತ್ತೈತಿ,” ಎಂದಳು ಮಹಾದೇವಕ್ಕ ಮಗನಿಗೆ.

ಈರೇಶ ಬಿಳಿ ಬಟ್ಟೆಯ ಪಟ್ಟಿಯನ್ನು ಹಣೆಯ ಸುತ್ತ ತಂದು ಗೋಡೆಯ ಗೂಟಕ್ಕೆ ಎಳೆದು ಕಟ್ಟಿದ. ಗಿರಣಿ ಮಡಿವಾಳೆಪ್ಪ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕುಳಿತ. ಬದುಕಿದ್ದಾಗ ಹೀಗೆ ಸುಮ್ಮನೆ ಕುಳಿತ ಆಸಾಮಿಯೇ ಅಲ್ಲ. ಮೊರಬದ ಅರ್ಧ ಊರಿನ ಜೋಳ ಅವನ ಕೈಯಲ್ಲಿ ಹಿಟ್ಟಾಗಿತ್ತು. ಹಬ್ಬಕ್ಕೆ ತಲೆಗೆ ಎರೆದುಕೊಂಡರೂ ರೆಪ್ಪೆಯಲ್ಲಿ ಹಿಟ್ಟು ಉಳಿದೇ ಇರುತ್ತಿತ್ತು. ನಿನ್ನೆ ಸಂಜೆ ಯಾರದೋ ಗೋಧಿ ಬೀಸುತ್ತ ಕುಸಿದ. ಗಿರಣಿ ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಪುಣ್ಯವಂತ,” ಎಂದು ಪಕ್ಕದ ಮನೆಯ ಅಮೀರಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಾಸಿಗಿ ಹಿಡೀಲಿಲ್ಲ, ಯಾರ ಕೈಲೂ ನೀರು ಬೇಡ್ಲಿಲ್ಲ.”

“ನಮ್ಮ ಮನಿತನಾನ ಹಂಗ ಬೇ.” ತಮ್ಮನಿಗಾಗಿ ಅಳುತ್ತಿದ್ದರೂ ಮಹಾದೇವಕ್ಕನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು. “ನಮ್ಮಪ್ಪ ಹೊಲದಾಗ ಕುಂತಲ್ಲೇ ಹ್ವಾದ. ಸಣ್ಣ ತಮ್ಮ ಕಾಶಿನಾಥ ಸಂತ್ಯಾಗ. ಈಗ ಇಂವ. ಒಬ್ಬರೂ ನರಳಲಿಲ್ಲ.”

ಮೂಲೆಯಲ್ಲಿದ್ದ ಶೈಲಶ್ರೀಗೆ ಮೈ ಉರಿಯಿತು. ಅವಳು ಆ ಕಾಶಿನಾಥನ ಮಗಳು. ಸಂತೆಗೆ ಹೋದ ಅಪ್ಪ ಹೆಣವಾಗಿ ಬಂದಾಗ ಅವಳಿನ್ನೂ ಹೈಸ್ಕೂಲು; ಮುಂದೆ ಓದಿಸಿದ್ದು ಈ ದೊಡ್ಡಪ್ಪನೇ. ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೃದ್ರೋಗ ತಜ್ಞೆಯಾಗುವ ತರಬೇತಿಯಲ್ಲಿದ್ದಳು. ಅದರಲ್ಲೂ ವಂಶದಲ್ಲಿ ಹರಿದು ಬರುವ ಹೃದಯದ ಕಾಯಿಲೆಗಳೇ ಅವಳ ಪಾಠ. ಯಾರು ಕೇಳಿದರೂ ಮಡಿವಾಳೆಪ್ಪ, “ನಮ್ಮ ಶೈಲಾ ಎದಿ ಡಾಕ್ಟರ್ ಆಗಾಕತ್ತಾಳ,” ಎಂದು ತನ್ನ ಎದೆ ಮುಟ್ಟಿ ತೋರಿಸುತ್ತಿದ್ದ.

*

ಹೋದ ಶ್ರಾವಣದಲ್ಲಿ ಅವನು ಜೋಳದ ಹಿಟ್ಟಿನ ಚೀಲ ಹೊತ್ತು ಆಸ್ಪತ್ರೆಗೇ ಬಂದಿದ್ದ. ಶೈಲಶ್ರೀ ಬಿಡದೆ ಅವನನ್ನು ಹೃದಯ ನೋಡುವ ಎಕೋ ಕೋಣೆಯಲ್ಲಿ ಮಲಗಿಸಿ ಎದೆಗೆ ಜೆಲ್ ಹಚ್ಚಿದಳು. ಪರದೆಯ ಮೇಲೆ ಕಂಡದ್ದನ್ನು ಎರಡು ಸಲ ಅಳೆದು ನೋಡಿದಳು.

“ದೊಡ್ಡಪ್ಪಾ, ನಿಮ್ಮ ಹೃದಯದ ಗ್ವಾಡಿ ದಪ್ಪ ಆಗೇತ್ರಿ.”

“ಗ್ವಾಡಿ ದಪ್ಪ ಇದ್ರ ಮನಿ ಗಟ್ಟಿ ಅಲ್ಲೇನವಾ?”

“ನಗಬ್ಯಾಡ್ರಿ. ಒಮ್ಮಿಂದೊಮ್ಮೆ ಬಡಿತ ನಿಂತ್ಬಿಡ್ತೈತಿ. ಅಪ್ಪಗೂ, ಅಜ್ಜಗೂ ಇದ ಆಗಿರಬೇಕು. ಎದ್ಯಾಗ ಸಣ್ಣ ಮಷೀನು ಕೂಡಿಸಿದ್ರ ಜೀವ ಉಳೀತೈತಿ. ನಂದು ನೋಡಿಸ್ಕೊಂಡೀನಿ, ಸದ್ಯಕ್ಕ ಏನಿಲ್ಲ. ದಾನೇಶ್ವರಿ, ಅತ್ತಿ, ಈರೇಶ, ಎಲ್ಲಾರ್ದೂ ನೋಡಬೇಕ್ರಿ.”

ಮಗಳ ಹೆಸರು ಕೇಳಿದ್ದೇ ಅವನ ನಗು ಇಳಿಯಿತು. “ದಾನೇಶ್ವರಿದು ಅಳ್ನಾವರದಾಗ ಮಾತಾಗೇತಿ. ಮನಿತನದಾಗ ರೋಗ ಐತಿ ಅಂದ್ರ ಯಾರು ಮಾಡ್ಕೋತಾರವಾ? ಅಕಿ ಲಗ್ನ ಒಂದು ಮುಗೀಲಿ. ಆಮ್ಯಾಲ ನೀ ಹೇಳ್ದಂಗ. ಅಲ್ಲೀತನಕ ಬಾಯಿ ಬಿಡಬ್ಯಾಡ.”

ಗುಳಿಗೆ ಮಾತ್ರ ನುಂಗುತ್ತೇನೆಂದು ಮಾತು ಕೊಟ್ಟು, ಖಾಲಿ ಚೀಲ ಮಡಚಿಕೊಂಡು ಹೋದ.

*

ಅಂಗಳದಲ್ಲಿ ಬಾಳೆಕಂಬ, ಚೆಂಡುಹೂವು ಕಟ್ಟಿ ಹೆಣ ಹೊರುವ ವಿಮಾನ ಸಿದ್ಧವಾಗುತ್ತಿತ್ತು. ಅಳ್ನಾವರದ ಬೀಗರು ಹಾರ ಹಿಡಿದು ಬಂದು ಕಂಬದ ಬಳಿ ನಿಂತಿದ್ದರು. ಶೈಲಶ್ರೀ ಅವರನ್ನು ನೋಡಿದಳು; ಅಪ್ಪನ ಪಾದ ಹಿಡಿದು ಕುಳಿತ ದಾನೇಶ್ವರಿಯನ್ನೂ ನೋಡಿದಳು. ಮನೆತನದವರೆಲ್ಲ ಹೀಗೆ ಒಂದೇ ಸೂರಿನಡಿ ಸೇರುವುದು ಇನ್ನು ಯಾರು ಸತ್ತಾಗಲೋ. ಲಗ್ನ ಹೋದರೆ ಹೋಗಲಿ, ಜೀವ ಉಳಿಯಲಿ ಎಂದುಕೊಂಡಳು.

“ದೊಡ್ಡಪ್ಪಂದು ಪುಣ್ಯದ ಸಾವಲ್ಲ, ರೋಗ,” ಎಂದಳು. “ಅಪ್ಪಗೂ ಅದ ಇತ್ತು. ರಕ್ತದಾಗ ಹರಕೊಂಡು ಬರ್ತೈತಿ. ದಾನೇಶ್ವರಿಗೂ ಇರಬೌದು, ಅತ್ತಿಗೂ, ಈರೇಶಗೂ. ನಾಳೇನ ಹುಬ್ಬಳ್ಳಿಗೆ ಹೋಗೂಣು. ಎದಿ ತೋರಿಸ್ಕೊಂಡು ಬರೂಣು.”

ಭಜನೆಯ ತಾಳ ನಿಂತಿತು. ಬೀಗರ ಹಿರಿಯರು ಹೆಣಕ್ಕೆ ಹಾರ ಹಾಕಿ, ಕೈಮುಗಿದು, ಹೊಸ್ತಿಲ ಬಳಿ ತಿರುಗಿ ನಿಂತರು. “ನಾವೂ ಒಂದಿಷ್ಟು ವಿಚಾರ ಮಾಡ್ತೇವ್ರಿ,” ಎಂದರು. ಮಣ್ಣು ಕೊಡುವುದಕ್ಕೂ ನಿಲ್ಲದೆ ಅವರ ಜೀಪು ಹೊರಟಿತು.

ಮಡಿವಾಳೆಪ್ಪನ ಹೆಂಡತಿ ನೀಲವ್ವ ಎದೆ ಎದೆ ಬಡಿದುಕೊಂಡಳು. “ಹೆಣದ ಮುಂದ ಕುಂತು ನನ್ನ ಮಗಳ ಬಾಳೇ ಹಾಳ ಮಾಡಿದೆಲ್ಲಾ ಶೈಲಾ!”

ಆಗ ಮಹಾದೇವಕ್ಕ ಎದ್ದಳು. ದಾನೇಶ್ವರಿಯನ್ನು ಎಳೆದು ಅಪ್ಪಿಕೊಂಡಳು. “ಅಳಬ್ಯಾಡ ನೀಲವ್ವಾ. ಹೊರಗಿನವ್ರು ಬಿಟ್ರ ಬಿಡವಲ್ರ್ಯಾಕ. ನನ್ನ ತಮ್ಮನ ಮಗಳು ನನ್ನ ಮನಿಗೇ ಬರ್ತಾಳ. ಈರೇಶಗ ನಾ ಬ್ಯಾರೆ ಎಲ್ಲೂ ಹೆಣ್ಣು ನೋಡಂಗಿಲ್ಲ. ನಮ್ಮ ರಕ್ತ ನಮಗ ಹೊಲಸೇನು?”

ನೀಲವ್ವ ಗಂಡನ ಅಕ್ಕನ ಕಾಲಿಗೆ ಬಿದ್ದಳು. ಅಮೀರಬಿಯೂ, “ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ,” ಎಂದು ಅತ್ತಳು. ಪಡಸಾಲೆಯಲ್ಲಿ ಆ ದಿನ ಮೊದಲ ಸಲ ಒಂದು ನೆಮ್ಮದಿ ಹರಡಿತು.

“ಅತ್ತೀ, ಹಂಗ ಮಾಡಬಾರದ್ರಿ,” ಎಂದು ಶೈಲಶ್ರೀ ಮುಂದೆ ಬಂದಳು. “ಇಬ್ಬರಿಗೂ ಇದ್ದು, ಹುಟ್ಟೋ ಕೂಸಿಗೆ ಎರಡೂ ಕಡೆಯಿಂದ ಬಂತಂದ್ರ...”

“ಬಾಯಿ ಮುಚ್ಚಬೇ! ಮುರಿಯೋದಷ್ಟ ಕಲಿಸ್ಯಾರೇನು ನಿನಗ ಅಲ್ಲಿ?”

ಮನೆಯವರಿಗೆ ಇಂಥದನ್ನು ಹೇಳುವ ಬಗೆಯನ್ನೂ ತರಬೇತಿಯಲ್ಲಿ ಕಲಿಸಿದ್ದರು: ಮೆಲ್ಲಗೆ, ಎಲ್ಲರನ್ನೂ ಕೂರಿಸಿಕೊಂಡು, ಸರಳ ಮಾತಿನಲ್ಲಿ. ಅವಳು ಹಾಗೇ ಹೇಳಿದ್ದಳು.

*

ಹೊಲದಲ್ಲಿ ಎರೆಮಣ್ಣು ತೋಡಿ ಗುಣಿ ಮಾಡಿದ್ದರು. ಮಡಿವಾಳೆಪ್ಪನನ್ನು ಕುಳಿತಂತೆಯೇ ಒಳಗಿಳಿಸಿದರು. ಅಯ್ಯನವರು ಮಂತ್ರ ಹೇಳಿ ಬಿಲ್ವಪತ್ರೆ, ವಿಭೂತಿ ಹಾಕಿದರು. ಮಹಾದೇವಕ್ಕ ಈರೇಶನ ಕೈಯನ್ನು ದಾನೇಶ್ವರಿಯ ಕೈಗೆ ಸೇರಿಸಿದಳು.

“ಇಬ್ರೂ ಕೂಡಿ ಮಣ್ಣು ಕೊಡ್ರಿ. ಅವಂಗ ಸಮಾಧಾನ ಆಗಲಿ.”

ಒಂದೇ ಬೊಗಸೆಯಾದ ನಾಲ್ಕು ಕೈಗಳಿಂದ ಕರಿಮಣ್ಣು ಹಿಟ್ಟಿನ ಮನುಷ್ಯನ ತಲೆಯ ಮೇಲೆ ಬಿತ್ತು.

ಗುಣಿಯ ಅಂಚು ಬಿಟ್ಟು ಬಂದ ಈರೇಶ ಬದುವಿನ ಮೇಲೆ ಕುಸಿದು ಕುಳಿತ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅಂಗೈ ಎದೆಯ ಮೇಲಿತ್ತು.

“ಹೆಗಲು ಬದಲಿ ಮಾಡಲಾರ್ದ ವಿಮಾನ ಹೊತ್ತಾನ, ದಣದಾನ,” ಎಂದು ಮಹಾದೇವಕ್ಕ ಸೆರಗಿನಿಂದ ಗಾಳಿ ಹಾಕಿದಳು. ದಾನೇಶ್ವರಿ ನೀರಿನ ತಂಬಿಗೆ ತರಲು ಓಡಿದಳು.

ಶೈಲಶ್ರೀ ಅವನ ಮಗ್ಗುಲಲ್ಲಿ ಕುಳಿತು ಮುಂಗೈ ಹಿಡಿದಳು. ಅವಳ ಬೆರಳಡಿ ನಾಡಿ ಓಡಿತು, ತಪ್ಪಿತು, ಮತ್ತೆ ಓಡಿತು. ಅವಳ ಕಣ್ಣು ತುಂಬಿದ್ದನ್ನು ಕಂಡು ಈರೇಶ ತನ್ನ ಇನ್ನೊಂದು ಕೈಯನ್ನು ಅವಳ ಕೈ ಮೇಲಿಟ್ಟ.

“ಅಳಬ್ಯಾಡ ಶೈಲಕ್ಕಾ,” ಎಂದ. “ಎಲ್ಲಾರ್ನೂ ನೋಡ್ಕೊಳ್ಳಾಕ ನಾ ಅದೀನಲ್ಲ.”