ಜೊತೆಗೆ ಬಂದವಳು

"ಗರ್ಭಕೋಶದ ಬಾಯಿಗೆ ಬರೋ ಕ್ಯಾನ್ಸರ್ರು ಕಣಕ್ಕ. ಮುಂಚೇನೇ ನೋಡಿಸ್ಕಂಡ್ರೆ ವಾಸಿ ಮಾಡ್ತಾರೆ, ಬುಟ್ರೆ ಕಷ್ಟ. ಮಂಗಳವಾರ ಪಟ್ಣದ ಆಸ್ಪತ್ರೇಲಿ ಪುಕ್ಕಟೆ ನೋಡ್ತಾರೆ," ಎಂದು ಆಶಾ ಕಾರ್ಯಕರ್ತೆ ಸಹನ ಜಗಲಿಯ ತುದಿಯಲ್ಲಿ ಕೂತು ರಂಜಿತಳಿಗೆ ಹೇಳುತ್ತಿದ್ದಳು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಚಿಕ್ಕಬೋರಮ್ಮನ ಕೈ ನಿಂತಿತು. "ಯಾರ್ ಯಾರ್ ಓಗ್ಬೌದವ್ವ?" ಎಂದಳು, ಸೊಸೆಗಾಗಿ ಕೇಳಿದ ಹಾಗೆ.

ಸಹನ ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ದ್ಯಾವಮ್ಮ ತನ್ನ ಬಾಗಿಲಿನಿಂದಲೇ ಕೂಗಿದಳು. "ನಿಂಗಲ್ಲ ಬುಡು ಬೋರಕ್ಕ! ಅದು ಗಂಡುಳ್ಳೋರ್ಗೆ. ನಿನ್ನ ಒಲೆ ಆರಿ ಅತ್ತೊರ್ಸ ಆಯ್ತು, ಇನ್ನು ಬೂದಿ ಕೆದಕಿ ಏನ್ ನೋಡಾರು?"

ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದವರೂ ನಕ್ಕರು. ಮೂವತ್ತು ದಾಟಿದ ಎಲ್ಲ ಹೆಂಗಸರನ್ನೂ ಕರೆಯಬೇಕೆಂದು ಸಹನಳಿಗೆ ಟ್ರೈನಿಂಗಿನಲ್ಲಿ ಹೇಳಿದ್ದರು. ಆದರೆ ಗಂಡನಿಲ್ಲದ ಹಿರಿಯಳನ್ನು ಇಂಥದ್ದಕ್ಕೆ ಬನ್ನಿ ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. "ಅಂಗೇನಿಲ್ಲ ದೊಡ್ಡವ್ವ..." ಎಂದು ಅರ್ಧಕ್ಕೇ ಬಿಟ್ಟು ಪಕ್ಕದ ಮನೆಗೆ ನಡೆದಳು. ಚಿಕ್ಕಬೋರಮ್ಮ ಇನ್ನೊಂದು ಕಾಯಿ ಎತ್ತಿಕೊಂಡಳು.

ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ, ದಸರೆಯ ಹೊತ್ತಿಗೆ, ಅವಳ ಸೀರೆಗೆ ಕಲೆ ಕಂಡಿತ್ತು. ಒಂದಷ್ಟು ದಿನ ಇರಲಿಲ್ಲ, ಮತ್ತೆ ಕಂಡಿತು. ಇದು ಮೈಲಿಗೆಯೋ ಕಾಯಿಲೆಯೋ ಅವಳಿಗೆ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ದೇವರ ಮನೆಗೆ ಹೋಗುವುದನ್ನು ಬಿಟ್ಟಳು. ಮಂಡಿನೋವು, ಹೊಸ್ತಿಲು ದಾಟಕ್ಕಾಗಲ್ಲ ಎಂದು ಸೊಸೆಗೆ ಹೇಳಿ ದೀಪ ಹಚ್ಚುವ ಕೆಲಸ ಅವಳಿಗೇ ವಹಿಸಿದಳು. ಅತ್ತೆಗೆ ತನ್ನ ಮೇಲೇನೋ ಮುನಿಸು ಎಂದುಕೊಂಡು ರಂಜಿತಳೂ ಮಾತು ಕಡಿಮೆ ಮಾಡಿದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಸಾರಿಗೆ ಉಪ್ಪು ಸಾಕಾ ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ಹೇಳುವುದಾದರೂ ಯಾರಿಗೆ? ಮಗ ರವೀಂದ್ರನಿಗೆ ಹೇಳುವ ವಿಷಯವಲ್ಲ. ನಾಗಮಂಗಲದ ಕಡೆ ಕೊಟ್ಟಿದ್ದ ಅಕ್ಕ ಇದ್ದಿದ್ದರೆ ಹೇಳಬಹುದಿತ್ತು. ಅಕ್ಕ ಸತ್ತದ್ದು ಹೊಟ್ಟೆನೋವಿನಿಂದ ಎಂದು ಎಲ್ಲರೂ ಅಂದರು. ಆದರೆ ನೋಡಲು ಹೋದಾಗ ಆ ಕೋಣೆಯಲ್ಲಿ ಅಡರಿದ್ದ ವಾಸನೆ ಚಿಕ್ಕಬೋರಮ್ಮನಿಗೆ ನೆನಪಿದೆ. "ಬೋರಿ, ನಂಗೆ ಕೆಳಗಡೆ..." ಎಂದು ಅಕ್ಕ ಶುರು ಮಾಡಿದ್ದಳು. ಅಷ್ಟರಲ್ಲಿ ಅವಳ ಮೈದುನ ಕಾಫಿ ಲೋಟ ಹಿಡಿದು ಒಳಗೆ ಬಂದ. ಆ ಮಾತು ಅಲ್ಲಿಗೇ ನಿಂತಿತು.

ಸೋಮವಾರ ಸಂಜೆ ರಂಜಿತ ತಾನಾಗಿ ಬಾಯಿ ಬಿಟ್ಟಳು. "ನಂಗ್ಯಾಕೋ ಭಯ ಆಯ್ತದೆ ಅತ್ತೆಮ್ಮ. ಜೊತೆಗೆ ನೀವೂ ಬನ್ನಿ."

"ಉಂ, ಬತ್ತೀನಿ," ಎಂದಳು ಚಿಕ್ಕಬೋರಮ್ಮ.

ಮಾರನೆಯ ದಿನ ಮಗುವನ್ನು ರವೀಂದ್ರನ ಹತ್ತಿರ ಬಿಟ್ಟು ಇಬ್ಬರೂ ಹೊರಟರು. ಅರಕೆರೆಯಿಂದ ಹೊರಟ ಬಸ್ಸಿನಲ್ಲಿ ಊರಿನ ನಾಲ್ಕೈದು ಹೆಂಗಸರಿದ್ದರು, ದ್ಯಾವಮ್ಮನೂ ಇದ್ದಳು. ಶ್ರೀರಂಗಪಟ್ಟಣದ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒತ್ತಿ ಬೆಂಚು ಹಾಕಿದ್ದರು. ಬಾಗಿಲಿಗೆ ಹಸಿರು ಪರದೆ. ಒಬ್ಬೊಬ್ಬರೇ ಸೆರಗು ಬಿಗಿದುಕೊಂಡು ಒಳಗೆ ಹೋದರು, ಮುಖ ಸಡಿಲಿಸಿಕೊಂಡು ಹೊರಗೆ ಬಂದರು. "ಇಷ್ಟೇಯಾ! ಎರಿಗೆ ನೋವು ತಿಂದೋರ್ಗೆ ಇದ್ಯಾವ ಲೆಕ್ಕ," ಎಂದು ದ್ಯಾವಮ್ಮ ನಗಿಸಿದಳು. ರಂಜಿತಳಿಗೂ ಏನೂ ಇಲ್ಲವೆಂದರು. ಅವಳು ಅತ್ತೆಯ ಮಡಿಲಿನಿಂದ ತನ್ನ ಬ್ಯಾಗು ತೆಗೆದುಕೊಂಡಳು.

"ನಡೀರಿ ಅತ್ತೆಮ್ಮ, ಬಸ್ಸು ಓಯ್ತದೆ."

ಚಿಕ್ಕಬೋರಮ್ಮ ಎದ್ದಳು. ಆದರೆ ಹೊರಬಾಗಿಲ ಕಡೆ ತಿರುಗಲಿಲ್ಲ.

"ನೀವ್ ನಡೀರಿ. ನಾನೂ ತೋರುಸ್ಕಂಡು ಬತ್ತೀನಿ."

ರಂಜಿತ ಸುತ್ತ ನೋಡಿದಳು. ದ್ಯಾವಮ್ಮ ಕಣ್ಣರಳಿಸಿದಳು. "ಅಯ್ ಬೋರಕ್ಕ! ನಿಂಗ್ಯಾಕೆ? ನಿನ್ ಗಂಡ ನಂಜಪ್ಪಣ್ಣ ಓಗಿ ಯಾವ ಕಾಲಾಯ್ತು!"

"ಅವ್ರು ಓಯ್ತಾ ನನ್ನ ಗರ್ಭಕೋಶನೂ ಎತ್ಕಂಡೋದ್ರಾ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ರಂಜಿತ ಕೆಂಪಾದ ಮುಖ ತಗ್ಗಿಸಿ, ಅತ್ತೆಯ ಕಡೆ ನೋಡದೆ, ಉಳಿದವರ ಹಿಂದೆ ನಡೆದುಬಿಟ್ಟಳು. ಚಿಕ್ಕಬೋರಮ್ಮ ಪರದೆ ಸರಿಸಿದಳು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಹೋದಾಗ ಚಿಕ್ಕಬೋರಮ್ಮನಿಗೆ ತನ್ನ ದನಿಯೇ ಬೇರೆ ಯಾರದೋ ಅನ್ನಿಸಿತು. ಈ ಮಾತುಗಳನ್ನು ಅವಳು ಬಾಯಿಬಿಟ್ಟು ಆಡಿದ್ದು ಇದೇ ಮೊದಲು.

"ಇಷ್ಟು ದಿನ ಯಾರಿಗೂ ಹೇಳ್ಲಿಲ್ವಾ ಅಮ್ಮ?"

"ಕೇಳೋರು ಬೇಕಲ್ಲವ್ವ."

ಡಾಕ್ಟರಮ್ಮ ದೀಪದ ಬೆಳಕು ಹಾಯಿಸಿ ನೋಡಿದರು. ಚಿಕ್ಕಬೋರಮ್ಮ ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದಳು. ಕೈ ತೊಳೆದು ಬಂದ ಮೇಲೆ ಅವರು ಹೇಳಿದರು: "ಒಂದು ಹುಣ್ಣಿನ ಹಾಗೆ ಕಾಣ್ತಿದೆ. ಏನು ಅಂತ ಈಗಲೇ ಹೇಳಕ್ಕಾಗಲ್ಲ. ಮಂಡ್ಯದಲ್ಲಿ ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಗುರುವಾರವೇ ಹೋಗಿ, ಮುಂದಕ್ಕೆ ಹಾಕ್ಬೇಡಿ. ಬೇಗ ಗೊತ್ತಾದಷ್ಟೂ ಒಳ್ಳೇದು. ಒಬ್ರೇ ಹೋಗ್ಬೇಡಿ, ಮನೆಯವರು ಯಾರಾದ್ರೂ ಜೊತೆಗಿರ್ಲಿ."

ಕಾರಿಡಾರಿನಲ್ಲಿ ಬೆಂಚು ಖಾಲಿಯಾಗಿತ್ತು. ಆಯಾ ನೆಲ ಒರೆಸುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತಾಗ, ಮನೆಯವರು ಯಾರಾದರೂ ಅಂದರೆ ಯಾರು ಎಂದು ಯೋಚಿಸಿದಳು. ಮಗನಿಗೆ ಏನೆಂದು ಹೇಳಿ ಕರೆಯುವುದು? ಇಷ್ಟು ಹೊತ್ತಿಗೆ ದ್ಯಾವಮ್ಮನ ಬಾಯಿಂದ ಸುದ್ದಿ ಊರು ಮುಟ್ಟಿರುತ್ತದೆ. ಸೊಸೆ ಮುಖ ತಗ್ಗಿಸಿಕೊಂಡು ಹೋದದ್ದು ಕಣ್ಣ ಮುಂದೆಯೇ ಇತ್ತು. ಬಸ್ಸು ಬಂತು. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಸರಿದವು. ಪಕ್ಕದ ಸೀಟಿನಲ್ಲಿ ಕೊನೆಯವರೆಗೂ ಯಾರೂ ಕೂರಲಿಲ್ಲ.

ಮನೆ ಸೇರುವಾಗ ಡೈರಿಗೆ ಹಾಲು ಹಾಕುವ ಹೊತ್ತು. ಕೊಟ್ಟಿಗೆಯಲ್ಲಿ ರಂಜಿತ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಳು. ಆ ಹಸು ಬೇರೆಯವರಿಗೆ ಒದೆಯುತ್ತದೆಂದು ಯಾವಾಗಲೂ ಅತ್ತೆಯೇ ಕರೆಯುವುದು. ಚಿಕ್ಕಬೋರಮ್ಮ ಕಂಬದ ಪಕ್ಕ ನಿಂತಳು. ಸೊಸೆ ತಿರುಗಿ ನೋಡಲಿಲ್ಲ.

"ಏನಂದ್ರು?"

"ಉಣ್ಣು ಇರೋ ಅಂಗದೆ ಅಂದ್ರು. ದಸರೆಯಿಂದ ರಕ್ತ ಕಾಣ್ತಿತ್ತು ಕಣವ್ವ, ನಾನೇ ಏಳ್ಲಿಲ್ಲ. ಗುರುವಾರ ಮಂಡ್ಯಕ್ಕೋಗಿ ಪರೀಕ್ಷೆ ಮಾಡುಸ್ಬೇಕಂತೆ. ಒಬ್ಳೇ ಓಗ್ಬಾರ್ದಂತೆ."

ಬಕೆಟ್ಟಿಗೆ ಹಾಲು ಬೀಳುವ ಸದ್ದು ನಿಂತಿತು. ಹಸು ತಲೆ ಹೊರಳಿಸಿತು. ಗೂಟಕ್ಕೆ ಕಟ್ಟಿದ್ದ ಕರು ಒಂದೇ ಸಮನೆ ಜಗ್ಗುತ್ತಿತ್ತು.

"ದೀಪ ಅಚ್ದೆ ಇದ್ದುದ್ದು ಅದುಕ್ಕಾ?" ಎಂದಳು ರಂಜಿತ.

ಚಿಕ್ಕಬೋರಮ್ಮ ಹೂಂಗುಟ್ಟಿದಳು.

ರಂಜಿತ ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿದಳು.

"ಏಳೂವರೆ ಬಸ್ಸಿಗೋದ್ರೆ ಪಟ್ಣದಲ್ಲಿ ಬಸ್ಸು ಬದ್ಲಾಯಿಸ್ಬೇಕು," ಎಂದಳು. "ಮಗೀನ ದ್ಯಾವಕ್ಕನ ಅಟ್ಟೀಲಿ ಬುಟ್ಟೋಗನ. ಕರು ಇಡ್ಕಳಿ ಅತ್ತೆಮ್ಮ, ಅಗ್ಗ ಕಿತ್ಕತ್ತದೆ."

ಚಿಕ್ಕಬೋರಮ್ಮ ಬಗ್ಗಿ ಹಗ್ಗ ಬಿಚ್ಚಿ, ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತಳು. ಹಾಲಿನ ಸದ್ದು ಮತ್ತೆ ಶುರುವಾಯಿತು.